ಬಿಳಿ ಎಲೆಗೆ ಬಾವಂಚಿ ಎಣ್ಣೆ

ತಪ್ಪು ಯಾರದೆಂದು ಕೇಳಿದರೆ ಕೆಂಚಮ್ಮ ಈಗಲೂ ಡಾಕ್ಟರಮ್ಮನ ಕಡೆಗೇ ಕೈ ತೋರಿಸುತ್ತಾಳೆ. ಕಣ್ಣಿನ ಆಪರೇಷನ್ ಅಷ್ಟು ಚೆನ್ನಾಗಿ ಮಾಡಬಾರದಿತ್ತು ಎನ್ನುವುದು ಅವಳ ವಾದ. ಒಂದಿಷ್ಟು ಮಬ್ಬು ಉಳಿಸಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು?

ರಾಮನಗರದ ಆಸ್ಪತ್ರೆಯಲ್ಲಿ ಬಲಗಣ್ಣಿನ ಪಟ್ಟಿ ಬಿಚ್ಚಿದ ಬೆಳಿಗ್ಗೆ ಅವಳಿಗೆ ಮೊದಲು ಕಂಡದ್ದು ಗೋಡೆ. ಗೋಡೆ ಬಿಳಿ ಎಂದು ಅವಳಿಗೆ ಮೊದಲೇ ಗೊತ್ತಿತ್ತು, ಇಷ್ಟು ಬಿಳಿ ಎಂದು ಗೊತ್ತಿರಲಿಲ್ಲ. ವರ್ಷಗಳಿಂದ ಅವಳ ಪಾಲಿಗೆ ಲೋಕವೆಲ್ಲ ಹಳೇ ಎಣ್ಣೆದೀಪದ ಬೆಳಕಿನಲ್ಲಿ ಇಟ್ಟ ಹಾಗೆ ಹಳದಿಯಾಗಿತ್ತು. ಗೋಡೆಯಾದ ಮೇಲೆ ನರ್ಸಿನ ಬಟ್ಟೆ ಕಂಡಿತು. ಅದಾದ ಮೇಲೆ, "ಕಾಣ್ತೈತಾ ಅವ್ವ?" ಎಂದು ಬಗ್ಗಿದ ಮಗಳ ಕುತ್ತಿಗೆ ಕಂಡಿತು.

ಕಿವಿಯ ಹಿಂದೆ ಇದ್ದ ಮಚ್ಚೆ ಕುತ್ತಿಗೆಯ ಒಂದು ಮಗ್ಗುಲನ್ನೆಲ್ಲ ಹಿಡಿದು ಕೆಳಗಿಳಿದಿತ್ತು. ಎರಡು ಕೈಯ ಬೆರಳ ತುದಿಗಳೂ ಬೆಳ್ಳಗಾಗಿದ್ದವು. ತುಟಿಯ ಮೂಲೆಯಲ್ಲಿ ಹೊಸದೊಂದು ಶುರುವಾಗಿತ್ತು. ಕಳೆದ ದಸರೆಗೆ ಮಗಳು ಊರಿಗೆ ಬಂದು ಹೋದಾಗ ಇದೇ ಕೆಂಚಮ್ಮ ಗಂಡನಿಗೆ, "ಎಣ್ಣೆ ಕೆಲಸ ಮಾಡ್ತೈತೆ ಕಣ್ ಬನ್ನಿ, ಅದು ಮಾಸ್ತಾ ಐತೆ" ಎಂದು ಹೇಳಿ ಸಮಾಧಾನ ಪಟ್ಟಿದ್ದಳು. ಮಾಸುತ್ತಿದ್ದದ್ದು ತನ್ನ ಕಣ್ಣೆಂದು ಅವಳಿಗೆ ಈಗ ತಿಳಿಯಿತು.

"ಕಾಣ್ತೈತೆ" ಎಂದಳು.

ಮಗಳು ಪುಟ್ಟಿಗೆ ಹದಿನಾಲ್ಕು ತುಂಬಿದ ವರ್ಷ ಕಿವಿಯ ಹಿಂದೆ ಅವರೆಕಾಳಿನಷ್ಟು ಬಿಳಿ ಕಂಡಿತ್ತು. ಅದಕ್ಕೆ ಕನಕಪುರದ ಕಡೆಯ ಅವರ ಊರು ಹುಣಸೇದೊಡ್ಡಿಯಲ್ಲೂ ಒಂದು ಹೆಸರಿದೆ, ಎಲ್ಲ ಊರಲ್ಲೂ ಇದೆ. ಆದರೆ ಆ ಹೆಸರು ಕೆಂಚಮ್ಮನ ಗಂಡ ಕೃಷ್ಣಪ್ಪನ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿಲ್ಲ. ಆ ಮನೆಯಲ್ಲಿ ಅದನ್ನು 'ಅದು' ಎನ್ನುತ್ತಾರೆ. ಅದು ಹೋಗಲಿ ಎಂದು ಕೆಂಚಮ್ಮ ಮಾಡದ ಕೆಲಸವಿಲ್ಲ. ಮೀನು ಮಾಡಿದ ದಿನ ಹಾಲು ಮೊಸರು ಮುಚ್ಚಿಟ್ಟಳು. ಬಾವಂಚಿ ಬೀಜ ಕುಟ್ಟಿ, ಎಣ್ಣೆ ಕಾಯಿಸಿ, ಮಚ್ಚೆಯ ಮೇಲೆ ತಿಕ್ಕಿ, ರೇಷ್ಮೆ ಹುಳದ ಮನೆಯ ಮುಂದಿನ ಚಪ್ಪಡಿಯ ಮೇಲೆ ಹುಡುಗಿಯನ್ನು ಬಿಸಿಲಿಗೆ ಕೂರಿಸಿದಳು. ಕೊನೆಗೆ ಕಬ್ಬಾಳಮ್ಮನ ಗುಡಿಗೆ ಹೋಗಿ, ಮಗಳ ಮೈ ಮೊದಲಿನ ಹಾಗಾಗುವ ತನಕ ಬೆಲ್ಲ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತು ಬಂದಳು.

ಬೆಲ್ಲವೆಂದರೆ ಪ್ರಾಣ ಬಿಡುವ ಹೆಂಗಸು ಅವಳು. ಕಾಫಿಗೆ ಬೆಲ್ಲ, ರೊಟ್ಟಿಗೆ ಬೆಲ್ಲ, ಬಾಯಿ ಸುಮ್ಮನಿದ್ದರೆ ಅದಕ್ಕೂ ಬೆಲ್ಲ. ಅಂಥವಳು ಇಪ್ಪತ್ತು ವರ್ಷ ಸಕ್ಕರೆ ಕಾಫಿ ಕುಡಿದಳು. ಹಬ್ಬಕ್ಕೆ ಒಬ್ಬಟ್ಟು ತಟ್ಟಿ ಎಲ್ಲರಿಗೂ ಬಡಿಸಿ ತಾನು ಮಜ್ಜಿಗೆ ಅನ್ನ ಉಂಡಳು. ಯುಗಾದಿಯ ಬೆಳಿಗ್ಗೆ ಮನೆಯವರೆಲ್ಲ ಬೇವು ಬೆಲ್ಲ ತಿಂದರೆ ಅವಳು ಬರೀ ಬೇವು ಅಗಿದು ನೀರು ಕುಡಿಯುತ್ತಿದ್ದಳು. ಕೇಳಿದವರಿಗೆ ಬೆಲ್ಲ ಮೈಗೆ ಉಷ್ಣ ಎಂದಳು. ಹರಕೆಯನ್ನು ಬಾಯಿ ಬಿಟ್ಟರೆ ಫಲ ಕೆಡುತ್ತದೆ ಎನ್ನುವ ಭಯವಿತ್ತು. ಗಂಡನಿಗೊಬ್ಬನಿಗೆ ಗೊತ್ತಿತ್ತು, ಅವನು ಬಾಯಿ ಬಿಡುವವನಲ್ಲ ಎಂದು ಅವಳು ತಿಳಿದಿದ್ದಳು.

ಪುಟ್ಟಿಗೆ ಈಗ ಮೂವತ್ತನಾಲ್ಕು. ಚನ್ನಪಟ್ಟಣದ ರಸ್ತೆಯ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅವಳು ಸುಧಾಮಣಿ, ಲೈನ್ ಸೂಪರ್‌ವೈಸರು. ಹಿಂದೆ ಗಂಡಿನ ಕಡೆಯವರು ಬಂದದ್ದುಂಟು. ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, "ಹೇಳಿ ಕಳಿಸ್ತೀವಿ" ಎಂದು ಹೋದವರು ಹೇಳಿ ಕಳಿಸಲಿಲ್ಲ. ಕೊನೆಯ ಸಲ ಬಂದವರ ಪೈಕಿ ಒಬ್ಬ ಹೆಂಗಸು ಮುಡಿ ಸರಿಸಿ ಕಿವಿಯ ಹಿಂದೆ ನೋಡಿದಳು. ಆ ವಾರವೇ ಪುಟ್ಟಿ ರಾಮನಗರದಲ್ಲಿ ಫಿರೋಜಾ ಎನ್ನುವವರ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಳು. ಮತ್ತೆ ಯಾರ ಮುಂದೂ ಕಾಫಿ ತಟ್ಟೆ ಹಿಡಿದು ನಿಲ್ಲಲಿಲ್ಲ.

ಆಪರೇಷನ್ ಆದ ಮೇಲೆ ಕೆಂಚಮ್ಮ ಒಂದು ತಿಂಗಳು ಮಗಳ ಮನೆಯಲ್ಲೇ ಇರಬೇಕೆಂದು ತೀರ್ಮಾನವಾಯಿತು. ಊರಿಗೆ ಹೋದರೆ ಒಲೆಯ ಹೊಗೆ, ಹುಳದ ಮನೆಯ ಸುಣ್ಣದ ಧೂಳು. ಇಲ್ಲಿದ್ದರೆ ತಲೆಗೆ ನೀರು ಹಾಕುವ ಹಾಗಿಲ್ಲ, ಬಗ್ಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ, ಕೈ ಕಟ್ಟಿಕೊಂಡು ಕೂರಬೇಕು. ಕೆಂಚಮ್ಮ ಒಪ್ಪಿದ್ದಕ್ಕೆ ಇನ್ನೊಂದು ಕಾರಣವಿತ್ತು. ಮಾಗಡಿಯ ಆಚೆ ಕೆಂಪಾಪುರದ ಕಡೆ ಒಬ್ಬ ನಾಟಿ ವೈದ್ಯನಿದ್ದಾನೆಂದು, ಅವನು ಬೇರಿನ ಲೇಪ ಕೊಡುತ್ತಾನೆಂದು, ಯುಗಾದಿ ಕಳೆದ ಮೇಲೆ ಕರೆದುಕೊಂಡು ಬನ್ನಿ ಎಂದಿದ್ದಾನೆಂದು ಕೃಷ್ಣಪ್ಪ ವಿಚಾರಿಸಿ ಇಟ್ಟಿದ್ದ. ಮಗಳನ್ನು ಒಪ್ಪಿಸುವ ಕೆಲಸ ಕೆಂಚಮ್ಮನದು. ಅವಳಿಗೆ ಈ ಭೂಮಿಯ ಮೇಲೆ ಬೇಕಿದ್ದದ್ದು ಅದೊಂದೇ, ಪುಟ್ಟಿ ವೈದ್ಯನ ಹತ್ತಿರ ಬರಬೇಕು, ಅದು ಹೋಗಬೇಕು.

ಮಗಳ ಮನೆಯ ಹಾಲಿಗೆ ಕಾಲಿಟ್ಟ ಕೂಡಲೇ ಹೊಸ ಕಣ್ಣಿಗೆ ಗಿಡ ಕಂಡಿತು. ಪೂರ್ವದ ಕಿಟಕಿಯ ಪಕ್ಕ, ತೆಳು ಪರದೆಯ ಒಳಗೆ, ಎದೆಮಟ್ಟದ ಗಿಡ. ಹಲಸಿನ ಎಲೆಗಿಂತ ಅಗಲವಾದ ದಪ್ಪ ಎಲೆಗಳು. ನಡುವೆ ಹಸಿರು, ಅಂಚೆಲ್ಲ ಕೆನೆಬಿಳಿ. ಕೆಲವು ಎಲೆಗಳಲ್ಲಿ ಬಿಳಿಯದೇ ಮೇಲುಗೈ. ಬುಡದ ಹತ್ತಿರ ಒಂದು ಕೊಂಬೆಯಲ್ಲಿ ಮಾತ್ರ ಎಲೆಗಳು ಪೂರ್ತಿ ಹಸಿರಾಗಿದ್ದವು.

"ಇದೇನ್ ಮಗ, ಗಿಡಕ್ಕೆ ಸುಣ್ಣಕಟ್ಟು ಬಂದ ಹಂಗೈತೆ?" ಎಂದಳು. ರೇಷ್ಮೆ ಹುಳ ಬೆಳ್ಳಗೆ ಬಿಗಿದು ಸಾಯುವ ರೋಗಕ್ಕೆ ಸುಣ್ಣಕಟ್ಟು ಎನ್ನುತ್ತಾರೆ. ಬಾಯಿಗೆ ಬಂದಿದ್ದ ಮೊದಲ ಹೆಸರು ಅದಲ್ಲ, ಅದನ್ನು ನುಂಗಿಕೊಂಡಳು.

"ರೋಗ ಅಲ್ಲ ಕಣವ್ವ. ಅದರ ಬಣ್ಣನೇ ಹಂಗೆ. ರಬ್ಬರ್ ಗಿಡ."

"ಕಿತ್ರೆ ಹಾಲು ಬತ್ತದಾ?"

"ಬತ್ತದೆ. ಕೈಗೆ ತಾಕಿದ್ರೆ ಕಡಿತದೆ."

"ಹಂಗಾರೆ ಆಲದ ಜಾತಿ. ಆಲ, ಅರಳಿ ಎಲ್ಲ ಮನೆ ಒಳಗೆ ಇಕ್ಕಬಾರದು."

ಪುಟ್ಟಿ ನಕ್ಕು ಕಣ್ಣಿನ ಡ್ರಾಪ್ಸ್ ಹುಡುಕಲು ಹೋದಳು.

ಭಾನುವಾರ ಬಂದರೆ ಪುಟ್ಟಿಗೆ ಗಿಡದ ಸೇವೆ. ಬೆರಳನ್ನು ಒಂದು ಗೆಣ್ಣು ಮಣ್ಣಿಗೆ ಇಳಿಸಿ ನೋಡುತ್ತಾಳೆ, ಒಣಗಿದ್ದರೆ ಮಾತ್ರ ನೀರು. ನೀರು ಕೆಳಗಿನ ತಟ್ಟೆಗೆ ಇಳಿದ ಮೇಲೆ ತಟ್ಟೆ ಎತ್ತಿ ಚೆಲ್ಲುತ್ತಾಳೆ. ಹಳೇ ಬನಿಯನ್ ತುಂಡನ್ನು ಒದ್ದೆ ಮಾಡಿ, ಒಂದು ಅಂಗೈಯನ್ನು ಎಲೆಯ ಕೆಳಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಮೇಲಿನ ಧೂಳು ಒರೆಸುತ್ತಾಳೆ. ಕುಂಡವನ್ನು ಸ್ವಲ್ಪ ತಿರುಗಿಸಿ ಇಡುತ್ತಾಳೆ. ಕೆಂಚಮ್ಮ ದಿವಾನದ ಮೇಲೆ ಕೂತು ಒಂದು ಕಣ್ಣಲ್ಲಿ ಇದನ್ನೆಲ್ಲ ನೋಡಿದಳು. ಹುಳಕ್ಕೆ ಸೊಪ್ಪು ಹಾಕುವಾಗ ತನಗೂ ಇಷ್ಟು ನಯವಿಲ್ಲ ಎನಿಸಿತು.

"ಪರದೆ ಯಾಕೆ? ಬಿಸಿಲಿಗೆ ಇಕ್ಕಬಾರದಾ?"

"ಬೆಳಕು ಬೇಕು, ಬಿಸಿಲು ಬ್ಯಾಡ. ಬಿಳಿ ಇರೋ ಕಡೆ ಬಿಸಿಲು ತಡ್ಕಳಲ್ಲ, ಸುಟ್ಟೋಯ್ತದೆ." ಪುಟ್ಟಿ ಬುಡದ ಕೊಂಬೆಯನ್ನು ಮುಟ್ಟಿ ತೋರಿಸಿದಳು. "ಈ ಹಸಿರು ಕೊಂಬೆ ತೆಗೀಬೇಕು ಅಂತ ಒಂದು ತಿಂಗಳಿಂದ ಅಂದ್ಕೊತಾವ್ನಿ."

"ಚೆನ್ನಾಗಿರೋದನ್ನ ಯಾರಾನಾ ತೆಗೀತಾರಾ?"

"ಇದು ಜೋರಾಗಿ ಬೆಳೆದ್ಬುಟ್ರೆ ಮಿಕ್ಕಿದ್ದೆಲ್ಲ ಸೊರಗೋಯ್ತದೆ ಅವ್ವ. ಕೊನೆಗೆ ಗಿಡನೇ ಪೂರ್ತಿ ಹಸಿರಾಗ್ಬುಡ್ತದೆ."

ಹಾಗಾದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡಳು ಕೆಂಚಮ್ಮ. ಮಗಳ ಮಾತನ್ನು ಕೇಳಿಸಿಕೊಂಡಳು, ನಂಬಲಿಲ್ಲ.

ಸುಮ್ಮನೆ ಕೂರುವುದು ಅವಳಿಗೆ ಬಾರದ ವಿದ್ಯೆ. ಕೆಳಮನೆಯ ಫಿರೋಜಾ ಮಧ್ಯಾಹ್ನ ಬಂದು ಡ್ರಾಪ್ಸ್ ಹಾಕಿ ಹೋಗುತ್ತಿದ್ದರು. ಹಿತ್ತಲಲ್ಲಿ ಅವರ ಯಜಮಾನರು ಮೆಹಬೂಬರ ರೇಷ್ಮೆ ನೂಲು ತೆಗೆಯುವ ಯೂನಿಟ್ಟು. ಬೇಯುವ ಗೂಡಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು, ಕೆಂಚಮ್ಮನಿಗೆ ಅದರಿಂದಲೇ ಒಂದಿಷ್ಟು ಜೀವ. ಗೂಡು ಬೆಳೆಯುವವರೂ ನೂಲು ತೆಗೆಯುವವರೂ ಸೇರಿದರೆ ಮಾತಿಗೆ ಬರವಿಲ್ಲ.

"ನಿಮ್ ಕಡೆ ಗೂಡು ನೋಡಕ್ಕೆ ಚೆಂದ ಕೆಂಚಮ್ಮೋರೆ, ಬಿಸಿನೀರಿನ ಬೇಸಿನ್‌ಗೆ ಹಾಕಿದ್ರೆ ನೂಲೇ ಬರಲ್ಲ" ಎನ್ನುವರು ಫಿರೋಜಾ.

"ಬಿಚ್ಚೋ ಕೈಲಿ ಇರ್ಬೇಕು ಫಿರೋಜಮ್ಮ."

ಆ ಹರಟೆ ಮುಗಿದ ಮೇಲೆ ಮತ್ತೆ ಸಂಜೆಯ ತನಕ ಕೆಂಚಮ್ಮ ಮತ್ತು ಗಿಡ. ಫ್ಯಾಕ್ಟರಿಯಲ್ಲಿ ಮಾಲು ಕಳಿಸುವ ಗಡಿಬಿಡಿ ಇದ್ದು ಪುಟ್ಟಿ ಕತ್ತಲಾದ ಮೇಲೆ ಬರುತ್ತಿದ್ದಳು.

ಒಂದು ದಿನ ರಾಗಿ ಹಿಟ್ಟಿನ ಡಬ್ಬಿ ಹುಡುಕುತ್ತ, ಬಗ್ಗಬಾರದೆಂಬ ಕಟ್ಟಳೆ ಮುರಿದು, ಅಡುಗೆ ಕಟ್ಟೆಯ ಕೆಳಗೆ ಕೈ ಹಾಕಿದಳು. ಸಿಲಿಂಡರಿನ ಹಿಂದೆ ಒಂದು ರಟ್ಟಿನ ಪೆಟ್ಟಿಗೆ. ಅದರ ತುಂಬ ಬಾವಂಚಿ ಎಣ್ಣೆಯ ಬಾಟ್ಲಿಗಳು. ಪ್ರತಿ ಬೆಳೆ ಮುಗಿದ ಮೇಲೆ ತಾನೇ ಕುಟ್ಟಿ, ಕಾಯಿಸಿ, ಸೋಸಿ, ಮುಚ್ಚಳದ ಮೇಲೆ ಬಟ್ಟೆ ಸುತ್ತಿ ದಾರ ಬಿಗಿದು ಬಸ್ಸಿನಲ್ಲಿ ಕಳಿಸಿದ ಬಾಟ್ಲಿಗಳು. ಅವಳು ಹಾಕಿದ ಗಂಟು ಹಾಗೇ ಇತ್ತು. ಒಂದನ್ನೂ ಬಿಚ್ಚಿರಲಿಲ್ಲ.

ಕೆಂಚಮ್ಮ ನೆಲದ ಮೇಲೆ ಕೂತುಬಿಟ್ಟಳು. ಅವಳಿಗೆ ಮೊದಲು ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಅವಮಾನವಾಯಿತು, ಅದರ ಹಿಂದೆ ಅಳು ಬಂತು. ಕಣ್ಣಲ್ಲಿ ನೀರು ಬರಬಾರದು ಎಂದು ಡಾಕ್ಟರಮ್ಮ ಹೇಳಿದ್ದು ನೆನಪಾಗಿ ಸೆರಗಲ್ಲಿ ಒತ್ತಿಕೊಂಡಳು. ಎಣ್ಣೆ ಹಚ್ಚಿದರೆ ತಾನೆ ಅದು ಹೋಗುವುದು? ಹಚ್ಚದೆ ಇದ್ದರೆ ಕಬ್ಬಾಳಮ್ಮನಾದರೂ ಏನು ಮಾಡುತ್ತಾಳೆ? ಈಗ ಮಾಗಡಿಗೆ ಬಾ ಎಂದರೆ ಇವಳು ಬರುತ್ತಾಳೆಯೇ?

ಕೂತಲ್ಲಿಂದಲೇ ಹಾಲಿನ ಗಿಡ ಕಾಣುತ್ತಿತ್ತು. ಅಲ್ಲಿ ಕೆಂಚಮ್ಮನಿಗೆ ಒಂದು ದಾರಿ ಹೊಳೆಯಿತು. ಮಗಳು ಎಣ್ಣೆ ಹಚ್ಚಿಸಿಕೊಳ್ಳುವುದಿಲ್ಲ, ಸರಿ. ಗಿಡ ಬೇಡ ಎನ್ನುವುದಿಲ್ಲ. ಗಿಡದ ಬಿಳಿ ಹೋಗಿ ಬಣ್ಣ ಬಂದರೆ ಮಗಳಿಗೇ ತೋರಿಸಬಹುದು. ನೋಡು, ನನ್ನ ಕೈ ಎಣ್ಣೆಗೆ ಎಲೆಯೇ ವಾಸಿಯಾಯಿತು, ನಿನ್ನದೇನು ಎಂದು ಕೇಳಬಹುದು. ಆಗ ಮಾಗಡಿಗೆ ಬರದೆ ಎಲ್ಲಿ ಹೋಗುತ್ತಾಳೆ?

ಇದನ್ನು ಕೇಳಿ ಯಾರಾದರೂ ನಗಬಹುದು. ಅವಳಿಗೆ ನಗು ಬರಲಿಲ್ಲ. ಮಾರನೇ ದಿನ ಪುಟ್ಟಿ ಕೆಲಸಕ್ಕೆ ಹೋದದ್ದೇ ತಡ, ಬಾಟ್ಲಿಯ ಗಂಟು ಬಿಚ್ಚಿದಳು. ಕಣ್ಣಿಗೆಂದು ತಂದ ಹತ್ತಿಯನ್ನು ಅದ್ದಿ, ಹಸಿರಿಗೆ ತಾಗದ ಹಾಗೆ ಬಿಳಿಯ ಮೇಲೆ ಮಾತ್ರ ಎಣ್ಣೆ ಸವರಿದಳು. ಎಣ್ಣೆ ಹಚ್ಚಿದ ಮೇಲೆ ಬಿಸಿಲು ಬೇಕೇ ಬೇಕು. ಕುಂಡದ ಕೆಳಗೆ ಗೋಣಿಚೀಲ ತೂರಿಸಿ, ಎಳೆದು, ಹೊಸ್ತಿಲು ದಾಟಿಸಿ, ಮಹಡಿಯ ಮುಂದಿನ ಬಯಲಿಗೆ ತಂದು ನಿಲ್ಲಿಸಿದಳು. ಶಿವರಾತ್ರಿ ಕಳೆದ ಮೇಲಿನ ರಾಮನಗರದ ಬಿಸಿಲು, ಸುತ್ತ ಬಂಡೆಬೆಟ್ಟ ಕಾದು ಊರೇ ಹೆಂಚಾಗುವ ಹೊತ್ತು. ಬಿಸಿಲು ಇಳಿದ ಮೇಲೆ ಗಿಡವನ್ನು ಒಳಗೆ ಎಳೆದು, ಎಣ್ಣೆ ಒರೆಸಿ, ಹಸಿರು ಕೊಂಬೆ ಮುಂದಾಗುವಂತೆ ತಿರುಗಿಸಿ ಇಟ್ಟಳು.

ಹೀಗೆ ಆ ವಾರವೆಲ್ಲ ನಡೆಯಿತು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಬಿಳಿಯ ಅಂಚಿನಲ್ಲಿ ಕಂದು ಚುಕ್ಕೆ ಮೂಡಿತು. ಚುಕ್ಕೆ ಹರಡಿ ಚರ್ಮದ ಬಣ್ಣಕ್ಕೆ ಬಂತು. ಕೆಂಚಮ್ಮ ಹಿಗ್ಗಿದಳು. ಬಾವಂಚಿಯ ಗುಣವೇ ಅದು ಎಂದು ಹೇಳುತ್ತಾರೆ, ಬಿಳಿಯ ಒಳಗೆ ಮೊದಲು ಚುಕ್ಕೆ ಚುಕ್ಕೆಯಾಗಿ ಬಣ್ಣ ಹತ್ತಿ ಆಮೇಲೆ ಕೂಡಿಕೊಳ್ಳುತ್ತದೆ ಎಂದು. ಅವಳು ಗಂಡನಿಗೆ ಫೋನು ಹಚ್ಚಿದಳು.

"ಬಣ್ಣ ಹತ್ತೈತೆ ಕಣ್ ಬನ್ನಿ."

"ಪುಟ್ಟಿಗಾ?" ಎಂದ ಕೃಷ್ಣಪ್ಪ. ಹಿಂದೆ ಹುಳ ಸೊಪ್ಪು ಮೇಯುವ ಸದ್ದು ಮಳೆ ಬಿದ್ದ ಹಾಗೆ ಕೇಳುತ್ತಿತ್ತು.

"ಗಿಡಕ್ಕೆ."

"ನಿಂಗೆ ಕಣ್ಣು ಆಪರೇಷನ್ ಮಾಡಿದ್ರೋ, ತಲೆನೋ?" ಎಂದು ಕೃಷ್ಣಪ್ಪ ಫೋನಿಟ್ಟ. ಮೂರನೇ ಜ್ವರ, ಅಂದರೆ ಮೂರನೇ ಪೊರೆ ಕಳಚಿ ಎದ್ದ ಹುಳಕ್ಕೆ ಸೊಪ್ಪು ಹೊಂದಿಸುವವನಿಗೆ ಗಿಡದ ಕಥೆ ಕೇಳಲು ಪುರುಸೊತ್ತಿರಲಿಲ್ಲ.

ಭಾನುವಾರ ಪುಟ್ಟಿ ಬನಿಯನ್ ತುಂಡು ಒದ್ದೆ ಮಾಡಿಕೊಂಡು ಕಿಟಕಿಯ ಹತ್ತಿರ ಹೋದಳು. ಎಲೆಯ ಕೆಳಗೆ ಅಂಗೈ ಕೊಟ್ಟಳು. ಎಲೆ ಕಳಚಿ ಅಂಗೈಗೆ ಬಂತು. ಪಕ್ಕದ್ದನ್ನು ಮುಟ್ಟಿದಳು, ಅದೂ ಬಂತು. ಕುಂಡವನ್ನು ತಿರುಗಿಸಿ ನೋಡಿದಾಗ ಆ ಮಗ್ಗುಲ ಎಲೆಗಳೆಲ್ಲ ಕಂದಿ, ಮುರುಟಿ, ಅಲ್ಲಲ್ಲಿ ತೂತು ಬಿದ್ದಿದ್ದವು. ಅವಳು ಬೆರಳನ್ನು ಮೂಗಿಗೆ ಹಿಡಿದಳು. ಆ ವಾಸನೆ ಅವಳಿಗೆ ಗುರುತಿತ್ತು.

"ಎಣ್ಣೆ ಹಚ್ಚಿದ್ಯಾ ಅವ್ವ?"

"ಒಸಿ."

"ಬಿಸಿಲಿಗೆ ಇಟ್ಟಿದ್ಯಾ?"

"ಹಚ್ಚಿದ ಮ್ಯಾಕೆ ಇಕ್ಕಬೇಕಲ್ವಾ? ಬಣ್ಣ ಹತ್ತಿತ್ತು ಕಣ್ ಮಗ, ಚೆನ್ನಾಗೇ ಹತ್ತಿತ್ತು."

"ಬಣ್ಣ ಅಲ್ಲ ಅದು. ಸುಟ್ಟಿರೋದು." ಪುಟ್ಟಿಯ ದನಿ ಏರಲಿಲ್ಲ. "ನಂಗೂ ಹಿಂಗೇ ಆಗಿತ್ತು. ಕುತ್ತಿಗೆ ಮ್ಯಾಲೆ ಬೊಬ್ಬೆ ಎದ್ದು ನೀರು ತುಂಬ್ಕಂಡಿತ್ತು. ನೀನು ಅದನ್ನ ಅಪ್ಪಂಗೆ ತೋರಿಸಿ, ಬಣ್ಣ ಹತ್ತೈತೆ ಅಂದೆ. ಇನ್ನೊಂದಿಷ್ಟು ತಡ್ಕೊ ಅಂದೆ."

ಅವಳು ಉದುರಿದ ಎಲೆಗಳನ್ನು ಮೊರಕ್ಕೆ ಗುಡಿಸಿಕೊಂಡು ಕೆಳಗೆ ಹೋದಳು. ಕಿಟಕಿಯ ಕಟ್ಟೆಯಲ್ಲಿ ಉಳಿದಿದ್ದ ಒಂದು ಎಲೆಯನ್ನು ಕೆಂಚಮ್ಮ ತೊಡೆಯ ಮೇಲೆ ಇಟ್ಟುಕೊಂಡಳು. ಅರ್ಧ ಬಿಳಿ, ಅರ್ಧ ಸುಟ್ಟದ್ದು. ಹೊಸ ಕಣ್ಣಿಗೆ ಅದರ ಒಂದೊಂದು ನರವೂ ಕಾಣುತ್ತಿತ್ತು. ಚಪ್ಪಡಿಯ ಮೇಲೆ ಕೂತ ಹುಡುಗಿ ಅಳು ನುಂಗಿಕೊಂಡು, "ಸಾಕಾ ಅವ್ವ?" ಎಂದು ಕೇಳುತ್ತಿದ್ದದ್ದು ಅವಳಿಗೆ ನೆನಪಾಯಿತು. ಸಾಕು ಎಂದು ತಾನು ಯಾವತ್ತಾದರೂ ಹೇಳಿದ್ದೆನೇ ಎಂದು ಯೋಚಿಸಿದಳು, ಹೇಳಿದ್ದು ನೆನಪಿಗೆ ಬರಲಿಲ್ಲ.

ಅವತ್ತಿನಿಂದ ಪುಟ್ಟಿ ಮಾತು ಬಿಡಲಿಲ್ಲ, ಆದರೆ ಲೆಕ್ಕಕ್ಕೆ ಬೇಕಾದಷ್ಟೇ ಆಡಿದಳು. ಕಣ್ಣು ಮೇಲೆ ಮಾಡು. ಕಾಫಿ ತಗೋ. ಬಾಗಿಲು ಹಾಕ್ಕೊ. ಬೈದಿದ್ದರೆ ಕೆಂಚಮ್ಮ ತಿರುಗಿ ಬೈದು ಹಗುರಾಗುತ್ತಿದ್ದಳು. ಮಗಳ ಈ ಮರ್ಯಾದೆ ಅವಳಿಗೆ ತಡೆಯಲಾರದಷ್ಟು ನೋವು ಕೊಟ್ಟಿತು. ಮಾಗಡಿಯ ಮಾತು ಇರಲಿ, ಮಗಳು ಮೊದಲಿನ ಹಾಗೆ ನಕ್ಕರೆ ಸಾಕು ಎನ್ನುವ ಸ್ಥಿತಿಗೆ ಬಂದಳು.

ಕುಂಡ ಎಳೆದಾಡಿದ್ದಕ್ಕೆ ಕಣ್ಣೂ ಕೆಂಪಾಯಿತು. ಫಿರೋಜಾ ಡ್ರಾಪ್ಸ್ ಹಾಕುತ್ತ ವಿಷಯ ಕೇಳಿ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ ಕೆಂಚಮ್ಮೋರೆ" ಎಂದರು.

"ಎತ್ತಿಗೆ ಜ್ವರ ಐತಲ್ಲ ಫಿರೋಜಮ್ಮ."

"ಎಲ್ಲೈತೆ? ಆರು ವರ್ಷದಿಂದ ನೋಡ್ತಿದೀನಿ. ಆ ಹುಡುಗಿಗೆ ಒಂದು ತಲೆನೋವು ಬಂದಿದ್ದು ಕಂಡಿಲ್ಲ."

ಕೆಂಚಮ್ಮನಿಗೆ ಮಾಡಲು ಬೇರೆ ಕೆಲಸ ಇರಲಿಲ್ಲ, ಮಗಳನ್ನು ನೋಡುತ್ತ ಕೂತಳು. ಊರಲ್ಲಿ ಪುಟ್ಟಿ ಜಡೆಯನ್ನು ಎಡಕ್ಕೆ ಎಳೆದು, ಸೆರಗು ಹೊದ್ದು ಓಡಾಡುತ್ತಿದ್ದಳು. ಹಾಗೆ ಕಲಿಸಿದವಳು ಕೆಂಚಮ್ಮನೇ. ಇಲ್ಲಿ ಅವಳು ಕೂದಲನ್ನು ಮೇಲೆತ್ತಿ ಗಂಟು ಹಾಕಿಕೊಂಡು, ಗಿಡ್ಡ ತೋಳಿನ ಚೂಡಿದಾರ ತೊಟ್ಟು ಬಸ್ಸಿಗೆ ಓಡುತ್ತಿದ್ದಳು. ಜೊತೆಗೆ ಕೆಲಸ ಮಾಡುವ ಕೆಹಕಶಾನ್ ಎನ್ನುವ ಹುಡುಗಿ ಸಂಜೆ ಬಂದು, ಪುಟ್ಟಿ ಹಿಡಿದಿದ್ದ ಬೋಂಡವನ್ನು ಆ ಬಿಳಿ ಬೆರಳುಗಳಿಂದಲೇ ಕಿತ್ತುಕೊಂಡು ತಿಂದಳು. ಮೊಸರಿನವನು ಅದೇ ಕೈಗೆ ಚಿಲ್ಲರೆ ಕೊಟ್ಟ. ಯಾರ ಕಣ್ಣೂ ಕುತ್ತಿಗೆಯ ಕಡೆ ಹೋಗಲಿಲ್ಲ. ದಿನವೂ ಆ ಕುತ್ತಿಗೆಯನ್ನು ನೋಡುತ್ತಿದ್ದವಳು ತಾನೊಬ್ಬಳೇ ಎನ್ನುವುದು ಕೆಂಚಮ್ಮನಿಗೆ ನಿಧಾನವಾಗಿ ತಲೆಗೆ ಹತ್ತಿತು, ಹತ್ತಿದ ಮೇಲೆ ಬಹಳ ಬೇಜಾರಾಯಿತು.

ಗಿಡದಲ್ಲಿ ಬಿಳಿ ಎಲೆ ಒಂದೂ ಉಳಿಯಲಿಲ್ಲ. ನಡುಕಾಂಡ ಬರೀ ಕೋಲಾಗಿ ನಿಂತಿತು. ಬುಡದ ಹಸಿರು ಕೊಂಬೆ ಮಾತ್ರ ಈಗ ತನ್ನದೇ ರಾಜ್ಯ ಎನ್ನುವಂತೆ ಎಲೆಯ ಮೇಲೆ ಎಲೆ ಬಿಟ್ಟಿತು. ಒಂದು ಕಾಲಕ್ಕೆ ಇದನ್ನು ನೋಡಿದ್ದರೆ ಅವಳಿಗೆ ಹೊಟ್ಟೆ ತುಂಬುತ್ತಿತ್ತು. ಪುಟ್ಟಿ ಭಾನುವಾರ ಮಣ್ಣಿಗೆ ಬೆರಳಿಟ್ಟು ನೋಡಿ, ನೀರು ಹಾಕುವುದೋ ಬೇಡವೋ ಎಂದು ನಿಂತು, ಆ ಕೊಂಬೆಯನ್ನು ಮುಟ್ಟದೆ ಬರುತ್ತಿದ್ದಳು.

ಯುಗಾದಿಯ ಹಿಂದಿನ ಸಂಜೆ ಪುಟ್ಟಿ ಬೇವಿನ ಹೂವು, ಮಾವಿನ ಸೊಪ್ಪು, ಒಂದು ಅಚ್ಚು ಬೆಲ್ಲ ತಂದಳು. ಚೀಲ ಇಟ್ಟು, ಕತ್ತರಿ ಹಿಡಿದುಕೊಂಡು ಗಿಡದ ಮುಂದೆ ಕೂತಳು. ಕತ್ತರಿಯನ್ನು ಹಸಿರು ಕೊಂಬೆಗೆ ತಂದು ಮತ್ತೆ ಹಿಂದೆ ತೆಗೆದಳು.

"ಯಾಕ್ ಮಗ?"

"ಇದನ್ನ ತೆಗೀದೆ ಇದ್ರೆ ಬುಡದ ಶಕ್ತಿಯೆಲ್ಲ ಇದಕ್ಕೇ ಹೋಯ್ತದೆ. ಬಿಳಿ ಚಿಗುರು ಬರಲ್ಲ. ತೆಗದ್ರೆ ಒಂದೆಲೆನೂ ಇರಲ್ಲ. ಒಣಗೋದ್ರೂ ಹೋಯ್ತು."

ಕೆಂಚಮ್ಮ ಗಿಡವನ್ನೂ ಮಗಳನ್ನೂ ನೋಡಿದಳು. ಇಷ್ಟು ದಿನ ಗಂಟಲಲ್ಲಿ ಕೂತಿದ್ದ ಮಾತು ಆಗ ಹೊರಗೆ ಬಂತು.

"ನಿನ್ ಥರನೇ ಐತೆ ಅಂತ ತಂದ್ಯಾ ಇದನ್ನ?"

ಪುಟ್ಟಿ ತಿರುಗಿ ನೋಡಿದಳು. ಅಷ್ಟು ದಿನಗಳಲ್ಲಿ ಮೊದಲ ಸಲ ನಕ್ಕಳು, ಆದರೆ ನಗುವಿನಲ್ಲಿ ದಣಿವಿತ್ತು.

"ಎಲ್ಲಕ್ಕೂ ನನ್ನ ಮೈಯೇ ಯಾಕವ್ವ? ಬಿಡದಿ ಹತ್ರ ನರ್ಸರಿಲಿ ಕಂಡೆ. ಚೆಂದ ಐತೆ ಅನ್ನಿಸ್ತು. ತಂದೆ. ಅಷ್ಟೇ."

ಪುಟ್ಟಿ ಕತ್ತರಿಯನ್ನು ನೆಲದ ಮೇಲಿಟ್ಟಳು.

"ನಾಳೆ ಬೇವು ಬೆಲ್ಲ. ನೀನು ಬರೀ ಬೇವು ತಿಂತೀಯ."

"ಬೆಲ್ಲ ಉಷ್ಣ ಕಣ್ ಮಗ."

"ಅಪ್ಪ ಯಾವತ್ತೋ ಹೇಳ್ಬುಟ್ಟವ್ನೆ. ನಾನಿನ್ನೂ ಕಾಲೇಜಲ್ಲಿದ್ದೆ." ಅವಳು ಗಿಡದ ಕಡೆಗೇ ನೋಡುತ್ತ ಹೇಳಿದಳು. "ವರ್ಷ ವರ್ಷ ನೀನು ಎಲ್ಲರ ಮುಂದೆ ಬೇವು ಅಗಿಯೋದನ್ನ ನಾನು ನೋಡ್ಕಂಡು ಕೂತಿರ್ಬೇಕಲ್ಲ, ಅದು ಆ ಎಣ್ಣೆಗಿಂತ ಉರಿ ಕಣವ್ವ. ನನ್ನ ಬಾಯಲ್ಲಿ ಬೆಲ್ಲ ಇರ್ತದೆ, ನುಂಗಕ್ಕಾಗಲ್ಲ."

ಮಗಳಿಗಾಗಿ ತಾನು ಕಷ್ಟ ಪಡುತ್ತಿದ್ದೇನೆ ಎಂದು ಕೆಂಚಮ್ಮನಿಗೆ ಇಪ್ಪತ್ತು ವರ್ಷ ಒಳಗೊಳಗೇ ಒಂದು ಹೆಮ್ಮೆ ಇತ್ತು, ಆ ಹೆಮ್ಮೆಯ ಕಹಿಯನ್ನು ಮಗಳು ನುಂಗುತ್ತಿದ್ದಳು ಎನ್ನುವುದು ಅವಳ ತಲೆಗೆ ಬಂದೇ ಇರಲಿಲ್ಲ. ಹರಕೆ ಮುರಿದರೆ ಕಬ್ಬಾಳಮ್ಮ ಏನು ಮಾಡುತ್ತಾಳೋ ಎಂಬ ಹೆದರಿಕೆಯೂ ಆಯಿತು. ಕೆಳಗೆ ಯೂನಿಟ್ಟಿನ ಸದ್ದು ನಿಂತು, ಯಾರೋ ಬೇಸಿನ್ ತೊಳೆದ ನೀರು ಮೋರಿಗೆ ಹರಿಯಿತು.

"ಕೊಡಿಲ್ಲಿ ಕತ್ತರಿ" ಎಂದಳು ಕೆಂಚಮ್ಮ.

ಹಿಪ್ಪುನೇರಳೆ ಕಡ್ಡಿ ಕತ್ತರಿಸಿ ಕತ್ತರಿಸಿ ಪಳಗಿದ ಕೈ ಅದು. ಆದರೆ ಆ ಕೈ ಈ ತನಕ ರೋಗದ್ದನ್ನು ಆರಿಸಿ ಬಿಸಾಕಿತ್ತು, ಚೆನ್ನಾಗಿರುವುದನ್ನು ಉಳಿಸಿತ್ತು. ಕೊಂಬೆಯ ಬುಡಕ್ಕೆ ಬೆರಳಾಡಿಸಿ, ಕಾಂಡದ ಮೇಲೆ ಕೆನೆಬಣ್ಣದ ಗೆರೆ ಎಲ್ಲಿಂದ ಶುರುವಾಗುತ್ತದೆ ಎಂದು ಹೊಸ ಕಣ್ಣಿಗೆ ಹತ್ತಿರ ತಂದು ನೋಡಿದಳು. ಅದಕ್ಕೆ ತಾಕದ ಹಾಗೆ ಕತ್ತರಿ ಇಟ್ಟು ಒತ್ತಿದಳು. ಅಗಲ ಎಲೆಗಳ ಸಮೇತ ಕೊಂಬೆ ಮಡಿಲಿಗೆ ಬಿತ್ತು. ಕಡಿದ ಜಾಗದಿಂದ ಹಾಲು ಒಸರಿತು. ಕಣ್ಣಿನ ಹತ್ತಿಯನ್ನೇ ತಂದು, ಹಾಲು ನಿಲ್ಲುವ ತನಕ ಒತ್ತಿ ಹಿಡಿದುಕೊಂಡಳು.

"ಚಿಗುರ್ತದಾ?" ಎಂದಳು ಪುಟ್ಟಿ.

"ಬುಡದಲ್ಲಿ ಜೀವ ಐತೆ. ಚಿಗುರಿದ್ರೆ ಚಿಗುರ್ತದೆ. ಪರದೆ ತೆಗೀಬ್ಯಾಡ."

ಹಬ್ಬದ ಬೆಳಿಗ್ಗೆ ಕೃಷ್ಣಪ್ಪನ ಫೋನು ಬಂತು. ಹುಳ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಹತ್ತುತ್ತಿವೆ, ಅದಕ್ಕೇ ಬರಲಾಗಲಿಲ್ಲ ಎಂದ. ಆಮೇಲೆ ದನಿ ತಗ್ಗಿಸಿ, ಮಾಗಡಿಗೆ ಯಾವತ್ತು ಹೋಗುವುದು, ಕೇಳಿದೆಯಾ ಎಂದ.

"ಮಾಗಡಿಗೆ ಬ್ಯಾಡ."

"ಯಾಕೆ, ಒಪ್ಪಲಿಲ್ವಾ?"

"ಅವಳನ್ನ ಕೇಳಿಲ್ಲ. ನಾನೇ ಬ್ಯಾಡ ಅಂದೆ" ಎಂದು ಫೋನು ಇಟ್ಟಳು.

ಪುಟ್ಟಿ ತಟ್ಟೆಯಲ್ಲಿ ಬೇವಿನ ಹೂವು, ಕುಟ್ಟಿದ ಬೆಲ್ಲ ಇಟ್ಟುಕೊಂಡು ಬಂದಳು. ಅಭ್ಯಾಸದಂತೆ ತಾಯಿಯ ಅಂಗೈಗೆ ಬೇವನ್ನು ಹಾಕಿದಳು. ಕೆಂಚಮ್ಮ ಅಂಗೈಯನ್ನು ಮುಚ್ಚಲಿಲ್ಲ, ಹಿಂದಕ್ಕೂ ಎಳೆದುಕೊಳ್ಳಲಿಲ್ಲ. ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, ಅಲ್ಲಿದ್ದ ದೇವರು ಯಾರೆಂದೂ ನೋಡದೆ, ಎದುರಿಗೆ ಕೂತವರ ಹತ್ತಿರ ಮಾತಾಡುವ ಹಾಗೆ ಹೇಳಿದಳು.

"ತಾಯೀ ಕಬ್ಬಾಳಮ್ಮ, ನಾನು ಕೇಳಿದ್ದನ್ನ ನಾನೇ ವಾಪಸ್ ತಗೊಂಡಿವ್ನಿ. ನೀನೇನೂ ಕೊಡೋದು ಬ್ಯಾಡ. ಇಪ್ಪತ್ತು ವರ್ಷದ ಬೆಲ್ಲ ನಿನ್ನ ಹತ್ರನೇ ಇರ್ಲಿ, ಅದನ್ನ ಕೇಳಲ್ಲ. ಇವತ್ತಿಂದು ನಂದು."

ಪುಟ್ಟಿ ಬೆಲ್ಲದ ಚೂರನ್ನು ಬಿಳಿ ಬೆರಳ ತುದಿಯಲ್ಲಿ ಎತ್ತಿ ಅವಳ ಬಾಯಿಗೇ ಇಟ್ಟಳು. ಕೆಂಚಮ್ಮ ಬೇವನ್ನೂ ಸೇರಿಸಿಕೊಂಡು ಅಗಿದಳು. ಕಣ್ಣಲ್ಲಿ ನೀರು ಬಂತು, ಡಾಕ್ಟರಮ್ಮನ ಮಾತು ನೆನಪಾದರೂ ಒರೆಸಿಕೊಳ್ಳಲಿಲ್ಲ. ಪುಟ್ಟಿ ತನ್ನ ಪಾಲನ್ನು ಬಾಯಿಗೆ ಹಾಕಿಕೊಂಡು ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಹೆಂಗೈತವ್ವ?"

ಕೆಂಚಮ್ಮ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ನೋಡಿದಳು.

"ಪ್ಯಾಟೆ ಬೆಲ್ಲ. ಒಸಿ ಉಪ್ಪುಪ್ಪು" ಎಂದಳು. "ಇನ್ನೊಂದು ಚೂರು ಕೊಡು."